ಅವಗಾಹವೂ ಪ್ಲವನವೂ

ದೀರ್ಘಕಾಲದ ನೋವಿಗೆ ಔಷಧಸೇವನೆಯಿಲ್ಲದ ಉಪಶಮನವೆಂದು ಪ್ರಸಿದ್ಧವಾಗಿರುವ ತೇಲುಚಿಕಿತ್ಸೆಯನ್ನು ವೈದ್ಯಗ್ರಂಥಗಳ ‘ಅವಗಾಹ’ವೆಂದು ಕರೆಯಬಹುದೇ ಎಂಬುದು ವಿಚಾರಣೀಯವಾಗಿದೆ.

ಚರಕಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯವು ಅಗ್ನಿಸಂಬಂಧವುಳ್ಳ 13 ಬಗೆಯ ಸ್ವೇದಗಳಲ್ಲಿ ಅವಗಾಹವನ್ನೂ ಎಣಿಸಿದೆ. ವಾತಹರ ಕಷಾಯ, ಹಾಲು, ಎಣ್ಣೆ, ತುಪ್ಪ, ಮಾಂಸರಸ, ಬಿಸಿನೀರು, ಇವುಗಳಲ್ಲೊಂದನ್ನು ತುಂಬಿದ ತೊಟ್ಟಿಯಲ್ಲಿ ರೋಗಿಯನ್ನು ಇಳಿಸುವುದೇ ಅದರ ಕ್ರಮ. ಬೆನ್ನು ಸೊಂಟಗಳ ಹಿಡಿತಕ್ಕೂ ಕಾಲುನೋವಿಗೂ ಸ್ವೇದವು ವಿಹಿತವಾದುದು. ಬೆವರಿಸುವುದೇ ಉದ್ದೇಶವಾದುದರಿಂದ ಅಲ್ಲಿ ಉಷ್ಣವು ಪ್ರಧಾನ.

ತೇಲುಚಿಕಿತ್ಸೆಯಲ್ಲಾದರೋ ನೀರು ಚರ್ಮದಷ್ಟೇ ಬೆಚ್ಚಗಿರತಕ್ಕದ್ದು; ಬಿಸಿಯಾಗಲಿ ತಂಪಾಗಲಿ ತೋರಬಾರದು. ಎಪ್ಸಮ್ ಲವಣವನ್ನು ಹೇರಳವಾಗಿ ಕರಗಿಸಿ ಆ ನೀರನ್ನು ದೇಹಕ್ಕಿಂತ ಸಾಂದ್ರವಾಗಿಸುವರು. ಹುಣಸಮಾರನಹಳ್ಳಿಯ ಕೆರೆಯಂತಹ ಸಿಹಿನೀರಿನಲ್ಲಿ ಅಂಗಾತ ತೇಲಲು ಅಭ್ಯಾಸ ಬೇಕು. ಈ ಲವಣಜಲದಲ್ಲಿ ಈಜರಿಯದವನೂ ನಿಶ್ಚೇಷ್ಟನಾಗಿ ತೇಲುವನು. ಬೆಳಕನ್ನೂ ಶಬ್ದವನ್ನೂ ತಡೆಯುವುದು ಇನ್ನೊಂದು ಅಂಗ. (1954ರಲ್ಲಿ ಅಮೆರಿಕದ ಜಾನ್ ಲಿಲ್ಲಿಯು ಹೂಡಿದ ಮೊದಲ ತೊಟ್ಟಿಯಲ್ಲಿ ಮುಖವಾಡ ಧರಿಸಿ ಮುಳುಗಿಯೇ ಇರಬೇಕಾಗಿತ್ತು, ಆಗಿನ ಜಿಜ್ಞಾಸೆಯು ಮನಸ್ಸಿನ ವಿಷಯವಾದುದೇ ಹೊರತು ನೋವಿನದಲ್ಲ.)

‘ಗಾಹ್’ ಧಾತುವಿಗೆ ಒಳಹೊಕ್ಕು ಕದಡುವುದೆಂದು ಅರ್ಥ. ‘ಶಾಸ್ತ್ರಾವಗಾಹನ’ವೆಂಬ ಕನ್ನಡದ ರೂಢಿಯಲ್ಲಿಯೂ ಆಳಕ್ಕಿಳಿಯುವ ಭಾವವೇ ಉಂಟು. ತೇಲುವುದಕ್ಕೆ ‘ಪ್ಲವನ’ವೇ ತಕ್ಕ ಶಬ್ದ.

ಇದು ಬರಿಯ ಶಬ್ದಕಲಹವಲ್ಲ. ಅವಗಾಹವೆಂದೊಡನೆ ಚರಕನ ಪ್ರಾಮಾಣ್ಯವು ಹೊಸ ತೊಟ್ಟಿಗೂ ಅಂಟಿಕೊಳ್ಳುವುದು. ನೋವುಂಡವನು ಅದನ್ನು ನಂಬಿ ಹಣ ತೆರುವನು. ಜರ್ಮನಿಯಲ್ಲಿ 99 ವೇದನಾಪೀಡಿತರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತೇಲಿದವರಂತೆಯೇ ತೋರಿಕೆಯ ಚಿಕಿತ್ಸೆ ಪಡೆದವರಲ್ಲಿಯೂ ನೋವು ತತ್ಕಾಲಕ್ಕೆ ತಗ್ಗಿತು. ದೀರ್ಘಾವಧಿಯಲ್ಲಿ ತೇಲುವಿಕೆಯ ಅತಿಶಯವೇನೂ ಕಾಣಲಿಲ್ಲ. ಆ ಫಲಾಫಲಗಳಿಗೆ ಚರಕನನ್ನು ಹೊಣೆಮಾಡುವುದು ನ್ಯಾಯವಲ್ಲ.