ಎಂಜಿನ್ನಿನ ತಂಪನ್ನು ಕಾಯುವ ತೊಟ್ಟಿ

ಬೇಸಿಗೆಯ ಮಧ್ಯಾಹ್ನ, ಕಲಬುರಗಿಯ ಸೀಮೆಯಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸನ್ನು ದಾಟಿದೆ. ತೊಗರಿಯನ್ನು ಹೇರಿಕೊಂಡು ಮಹಾರಾಷ್ಟ್ರದತ್ತ ಹೊರಟ ಲಾರಿಯೊಂದು ಆಳಂದ ತಾಲ್ಲೂಕಿನ ಗಡಿಯ ಊರಾದ ಹಿರೋಳ್ಳಿಯ ಬಳಿ ಹಬೆಯುಗುಳುತ್ತ ನಿಂತಿದೆಯೆಂದು ಭಾವಿಸೋಣ. ಎಂಜಿನ್ ಆರಿದ ಬಳಿಕ ಚಾಲಕನು ಬಾವಿಯಿಂದ ಒಂದು ಕೊಡ ನೀರು ತಂದು ಸುರಿಯುತ್ತಾನೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಅದೇ ಪಾಡು. ನೀರು ತುಂಬಿದರೂ ಎಂಜಿನ್ ಕುದಿಯುವುದೇಕೆ? ಕೂಲೆಂಟ್ ತೊಟ್ಟಿಯಲ್ಲಿ ಬಿಟ್ಟಿರುವ ಕೂದಲೆಳೆಯಷ್ಟು ಸಣ್ಣ ಬಿರುಕು ಇದಕ್ಕೆ ಕಾರಣವಾಗಿರಬಹುದು.

ಇಂಧನವು ಉರಿದಾಗ ಹುಟ್ಟುವ ಶಾಖದಲ್ಲಿ ಒಂದು ಭಾಗ ಮಾತ್ರ ಚಕ್ರಗಳನ್ನು ತಿರುಗಿಸುತ್ತದೆ. ಮತ್ತೊಂದು ಭಾಗ ಹೊಗೆಯೊಡನೆ ಹೊರಟುಹೋಗುತ್ತದೆ. ಉಳಿದುದರಲ್ಲಿ ಬಹುಪಾಲನ್ನು ಎಂಜಿನ್ನಿನ ಒಡಲಲ್ಲಿ ಸುತ್ತುವ ದ್ರವವು ರೇಡಿಯೇಟರಿಗೆ ಒಯ್ದು ಗಾಳಿಗೆ ಬಿಡುತ್ತದೆ. ಕಾದ ದ್ರವವು ಹಿಗ್ಗುವುದು ಸಹಜ. 20 ಡಿಗ್ರಿಯಲ್ಲಿರುವ 10 ಲೀಟರ್ ನೀರು 90 ಡಿಗ್ರಿಗೆ ಏರಿದಾಗ ಸುಮಾರು 340 ಮಿಲಿಲೀಟರಿನಷ್ಟು ಹೆಚ್ಚುತ್ತದೆ. ಈ ಹೆಚ್ಚಳಕ್ಕೆ ಎಡೆಗೊಡುವುದು ತೊಟ್ಟಿಯ ಮೊದಲನೆಯ ಕೆಲಸ. ತೊಟ್ಟಿಯನ್ನು ಕಂಠಮಟ್ಟ ತುಂಬಬಾರದೆನ್ನುವುದು ಇದಕ್ಕಾಗಿಯೇ.

ಎರಡನೆಯ ಕೆಲಸವು ಇನ್ನೂ ಮಹತ್ತ್ವದ್ದು. ತೊಗರಿಬೇಳೆಯು ತೆರೆದ ಪಾತ್ರೆಗಿಂತ ಕುಕ್ಕರಿನಲ್ಲಿ ಬೇಗ ಬೇಯುವುದನ್ನು ನಾವೆಲ್ಲರೂ ಬಲ್ಲೆವು. ಒತ್ತಡ ಹೆಚ್ಚಿದಂತೆ ನೀರಿನ ಕುದಿಬಿಂದುವೂ ಏರುತ್ತದೆ. ಹೊರಗಿನ ವಾಯುವಿನ ಒತ್ತಡಕ್ಕಿಂತ ಒಂದು ಬಾರ್ ಹೆಚ್ಚಿನ ಒತ್ತಡದಲ್ಲಿ ನೀರು 100 ಡಿಗ್ರಿಗೆ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ. ಇಂದಿನ ಅನೇಕ ವಾಹನಗಳ ತೊಟ್ಟಿಯೂ ಅದರ ಮುಚ್ಚಳವೂ ಕೂಡಿ ಇಂಥ ಒತ್ತಡವನ್ನೇ ಹಿಡಿದಿಡುತ್ತವೆ. ಬಿರುಕು ಬಿಟ್ಟರೆ ನಷ್ಟವಾಗುವುದು ನೀರು ಮಾತ್ರವಲ್ಲ, ಒತ್ತಡವೂ ಹೌದು. ಆಗ ಕುದಿಬಿಂದು ಕೆಳಗಿಳಿದು, ದ್ರವದಲ್ಲಿ ಹಬೆಯ ಗುಳ್ಳೆಗಳೆದ್ದು, ಲೋಹದ ಶಾಖವನ್ನು ಹೀರುವ ಶಕ್ತಿ ಕುಂದುತ್ತದೆ. ಎಂಜಿನ್ನಿನ ತಲೆಭಾಗ ಸೊಟ್ಟಗಾಗುವವರೆಗೂ ಹಾನಿ ಬೆಳೆಯಬಹುದು.

ಹಿಂದಿನ ಹಿತ್ತಾಳೆಯ ತೊಟ್ಟಿಗಳು ಸೋರಿದರೆ ಬೆಸುಗೆ ಹಾಕಿ ಸರಿಪಡಿಸಬಹುದಾಗಿತ್ತು. ಈಗಿನವು ಹೆಚ್ಚಾಗಿ ಪಾಲಿಪ್ರೊಪಿಲೀನ್ ಅಥವಾ ನೈಲಾನಿನವು. ವರ್ಷಗಟ್ಟಲೆ ಕಾಯುತ್ತ ಆರುತ್ತ ಪ್ಲಾಸ್ಟಿಕ್ ಹಳದಿಗಟ್ಟಿ ಪೆಡಸಾಗುತ್ತದೆ. ಎರಡು ಹೋಳುಗಳು ಕೂಡಿದ ಅಂಚಿನಲ್ಲಿಯೋ ಕೊಳವೆಯ ಬುಡದಲ್ಲಿಯೋ ಬಿರಿಯುತ್ತದೆ. ಪಾಲಿಪ್ರೊಪಿಲೀನಿನ ಮೈ ಮೇಣದಂತಿರುವುದರಿಂದ ಸಾಮಾನ್ಯ ಅಂಟು ಅದಕ್ಕೆ ಹಿಡಿಯದು. ಅದೇ ಪ್ಲಾಸ್ಟಿಕನ್ನು ಕರಗಿಸಿ ಬೆಸೆಯಬಹುದಾದರೂ, ಪೆಡಸಾದ ಗೋಡೆಯು ಪಕ್ಕದಲ್ಲಿಯೇ ಮತ್ತೆ ಬಿರಿಯುತ್ತದೆ. ಆದುದರಿಂದ ಬೆಸುಗೆಯು ಊರು ಸೇರುವವರೆಗಿನ ಉಪಾಯ; ಹೊಸ ತೊಟ್ಟಿಯೇ ನಿಜವಾದ ಪರಿಹಾರ.

ಬದಲಾಯಿಸುವ ಮುನ್ನ ಎಂಜಿನ್ ಪೂರ್ಣವಾಗಿ ಆರಿರಬೇಕು. ಬಿಸಿಯಿರುವಾಗ ಮುಚ್ಚಳ ತೆಗೆದರೆ ಒತ್ತಡ ಥಟ್ಟನೆ ಇಳಿದು, ದ್ರವವು ಒಮ್ಮೆಲೇ ಕುದಿದು ಚಿಮ್ಮಿ ಮುಖವನ್ನೂ ಕೈಯನ್ನೂ ಸುಡುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹವೇ ಸೀಳಬಹುದು. ಹಳೆಯ ದ್ರವವನ್ನು ಪಾತ್ರೆಯಲ್ಲಿ ಹಿಡಿದು, ಕೊಳವೆಗಳನ್ನು ಬಿಚ್ಚಿ, ಹೊಸ ತೊಟ್ಟಿಯನ್ನು ಜೋಡಿಸಬೇಕು. ಹಳೆಯ ಮುಚ್ಚಳದ ರಬ್ಬರ್ ಸವೆದಿದ್ದರೆ ವಾಹನಕ್ಕೆ ಗೊತ್ತುಪಡಿಸಿದ ಒತ್ತಡದ ಹೊಸದನ್ನೇ ಹಾಕಬೇಕು. ಬಳಿಕ ದ್ರವ ತುಂಬಿ, ಒಳಗೆ ಸಿಕ್ಕಿದ ಗಾಳಿಯನ್ನು ಹೊರಬಿಟ್ಟು, ಕೈಪಂಪಿನಿಂದ ಒತ್ತಡವೇರಿಸಿ ಸೋರಿಕೆಯನ್ನು ಪರೀಕ್ಷಿಸುವುದು ಕ್ರಮ.

ಬಾವಿಯ ನೀರನ್ನೇಕೆ ಹಾಕಬಾರದು? ಗಡಸುನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದೊಡನೆ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟಾಗಿ ಗಟ್ಟಿಗೊಳ್ಳುತ್ತದೆ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ ಕಲ್ಲಿನ ಮುಖ್ಯ ದ್ರವ್ಯವೂ ಇದೇ. ರೇಡಿಯೇಟರಿನ ಸಣ್ಣ ಕೊಳವೆಗಳೊಳಗೆ ಹೀಗೆ ಕಲ್ಲು ಕಟ್ಟಿದರೆ ಶಾಖ ಹೊರಹೋಗುವುದೆಂತು? ಭಟ್ಟಿಯಿಳಿಸಿದ ನೀರನ್ನು ಎಥಿಲೀನ್ ಗ್ಲೈಕಾಲಿನ ಕೂಲೆಂಟಿನೊಡನೆ ಬೆರೆಸಿದರೆ ಈ ತೊಂದರೆ ತಪ್ಪುತ್ತದೆ, ಕುದಿಬಿಂದುವೂ ಏರುತ್ತದೆ, ತುಕ್ಕು ತಡೆಯುವ ದ್ರವ್ಯಗಳೂ ದೊರೆಯುತ್ತವೆ. ಆದರೆ ಗ್ಲೈಕಾಲ್ ಸಿಹಿಯಾದ ವಿಷ. ಹಳೆಯ ದ್ರವವನ್ನು ನೆಲಕ್ಕೆ ಚೆಲ್ಲಿದರೆ ನಾಯಿಯೋ ದನವೋ ನೆಕ್ಕಿ ಸಾಯಬಹುದು.

ಮನೆಯಲ್ಲಿ ಕಾರೋ ಟ್ರ್ಯಾಕ್ಟರೋ ಇದ್ದರೆ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ತೊಟ್ಟಿಯ ಮೈಮೇಲಿನ ಎರಡು ಗೆರೆಗಳನ್ನು ನೋಡಿರಿ. ದ್ರವವು ಅವುಗಳ ನಡುವೆ ನಿಂತಿರಬೇಕು. ವಾರವಾರವೂ ಅದು ಇಳಿಯುತ್ತಿದ್ದರೆ, ಮತ್ತಷ್ಟು ಸುರಿಯುವ ಮೊದಲು ಅದು ಎಲ್ಲಿಗೆ ಹೋಯಿತೆಂದು ಹುಡುಕುವುದೇ ಜಾಣತನ.