ಲ್ಯಾಪ್‌ಟಾಪಿನ ಕೀ ಕೈಕೊಟ್ಟರೆ



ಹಾಲಿನ ಸಂಘದ ಲೆಕ್ಕ, ಬೆಳೆ ವಿಮೆಯ ಅರ್ಜಿ, ಮಕ್ಕಳ ಓದು ಇವಕ್ಕೆಲ್ಲ ಈಗ ಲ್ಯಾಪ್‌ಟಾಪು ಬೇಕು. ಅದರ ಒಂದು ಕೀ ಒಮ್ಮೆ ಕೆಲಸ ಮಾಡಿ ಇನ್ನೊಮ್ಮೆ ಮಾಡದಿದ್ದರೆ, ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿ, ಬರಬೇಕಾದ ಹಣವೇ ನಿಂತೀತು. ಹೊಸ ಕೀಬೋರ್ಡಿಗೆ ಹಣ ತೆರುವ ಮುನ್ನ ಹೀಗೆ ಮಾಡಿರಿ.

1. ಯಂತ್ರವನ್ನು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿರಿ.

2. ವಿಂಡೋಸ್ ಯಂತ್ರದಲ್ಲಿ ಬಲಗಡೆಯ ಶಿಫ್ಟ್ ಕೀಯನ್ನು 8 ಸೆಕೆಂಡು ಒತ್ತಿ ಹಿಡಿದರೆ ‘ಫಿಲ್ಟರ್ ಕೀಸ್’ ಎಂಬ ಏರ್ಪಾಡು ಚಾಲೂ ಆಗಬಹುದು. ಆಗ ಬೇಗ ಬೇಗ ಒತ್ತಿದ ಅಕ್ಷರಗಳು ಮೂಡುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ನಿಲ್ಲಿಸಿರಿ.

3. ಬೇರೊಂದು ಯುಎಸ್‌ಬಿ ಕೀಬೋರ್ಡನ್ನು ಜೋಡಿಸಿ ನೋಡಿರಿ. ಅದರಲ್ಲಿ ಅಕ್ಷರ ಸರಿಯಾಗಿ ಮೂಡಿದರೆ ದೋಷವು ಲ್ಯಾಪ್‌ಟಾಪಿನ ಕೀಬೋರ್ಡಿನದೇ ಇರಬೇಕು.

4. ಒಂದೆರಡು ಕೀಗಳಷ್ಟೇ ತಪ್ಪುತ್ತಿದ್ದರೆ ಅಡಿಯಲ್ಲಿ ಧೂಳು ಕೂತಿರಬಹುದು. ಒಕ್ಕಣೆಯ ಹೊಟ್ಟು ತುಸು ಸೇರಿದರೂ ಸಾಕು. ಯಂತ್ರವನ್ನು ಆಫ್ ಮಾಡಿ, ಚಾರ್ಜರ್ ಕಿತ್ತು, ಓರೆಯಾಗಿ ಹಿಡಿದು, ಮೆತ್ತನೆಯ ಒಣ ಕುಂಚದಿಂದ ಉದುರಿಸಿರಿ. ಬಾಯಿಂದ ಊದಬೇಡಿರಿ, ತೇವ ಒಳಗಿಳಿಯುತ್ತದೆ. ಚಾಕುವಿನಿಂದ ಮೀಟಬೇಡಿರಿ, ಕೀಯ ಅಡಿಯ ಸಣ್ಣ ಕೊಂಡಿ ಮುರಿದೀತು.

5. ಕಾಫಿ, ನೀರು ಚೆಲ್ಲಿದ್ದರೆ ಒಡನೆಯೇ ಆಫ್ ಮಾಡಿ, ಚಾರ್ಜರ್ ಕಿತ್ತು, ಬೋರಲಿಟ್ಟು ನೀರಿಳಿಸಿ ರಿಪೇರಿಯವರಿಗೆ ತೋರಿಸಿರಿ. ಒಣಗಿತೆಂದು ನೀವೇ ಆನ್ ಮಾಡಿ ನೋಡಬೇಡಿರಿ.

ಎಚ್ಚರಿಕೆ: ಕೀಬೋರ್ಡು ಉಬ್ಬಿ ಮೇಲೆದ್ದಿದ್ದರೆ ಒಳಗಿನ ಬ್ಯಾಟರಿ ಊದಿರಬಹುದು. ಅದು ಹೊತ್ತಿಕೊಳ್ಳುವ ಅಪಾಯವುಂಟು. ಚಾರ್ಜ್ ಮಾಡದೆ, ಒತ್ತದೆ, ಮಕ್ಕಳಿಂದ ದೂರವಿಟ್ಟು ರಿಪೇರಿಯವರಿಗೆ ಒಪ್ಪಿಸಿರಿ.

ಕೀ ಸರಿಹೋಗುವ ತನಕ, ಯಾವ ಅರ್ಜಿಯನ್ನೇ ಆಗಲಿ ಕಳುಹಿಸುವ ಮುನ್ನ ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ ತಾಳೆ ನೋಡಿರಿ.