ಚಾಟಿಯಿಂದ ಸದನಕ್ಕೆ ಬಂದ ‘ವಿಪ್’

ಇಂಗ್ಲಿಷಿನ ‘ವಿಪ್’ ಎಂದರೆ ಮೊದಲಿಗೆ ಚಾಟಿ. ಕ್ರಿಯಾಪದವಾದಾಗ ಚಾಟಿಯಿಂದ ಬಾರಿಸುವುದು. ಬೀಸಿದ ಚಾಟಿ ಛಟೀರೆನ್ನಲು ಕಾರಣ, ಅದರ ತುದಿಯ ವೇಗ ಶಬ್ದದ ವೇಗವನ್ನೂ ಮೀರುವುದು. ಬ್ರಿಟಿಷ್ ಆಳ್ವಿಕೆಯಲ್ಲಿ ಹೊಡೆತವೇ ಕಾನೂನುಬದ್ಧ ಶಿಕ್ಷೆಯಾಗಿತ್ತು. 1864ರಲ್ಲಿ ಬಂದ, 1909ರಲ್ಲಿ ಹೊಸ ರೂಪ ಪಡೆದ ಆ ಅವಮಾನಕರ ‘ವಿಪ್ಪಿಂಗ್ ಆ್ಯಕ್ಟ್’ ಅನ್ನು ಸ್ವತಂತ್ರ ಭಾರತ 1955ರಲ್ಲಿ ಕಿತ್ತೊಗೆಯಿತು. ಅಡುಗೆಮನೆಯಲ್ಲಿ ಇದೇ ಪದ ಸೌಮ್ಯ: ಗಾಳಿ ತುಂಬಿ ಉಬ್ಬುವಂತೆ ಕಡೆದ ಕೆನೆ ‘ವಿಪ್ಡ್ ಕ್ರೀಂ’.

ಕನ್ನಡ ಪತ್ರಿಕೆಗಳ ಓದುಗರಿಗೆ ಹೆಚ್ಚು ಪರಿಚಿತವಾದದ್ದು ರಾಜಕೀಯದ ವಿಪ್. ಇಂಗ್ಲೆಂಡಿನ ನರಿಬೇಟೆಯಲ್ಲಿ ಗುಂಪು ಬಿಟ್ಟು ಚದುರುವ ನಾಯಿಗಳನ್ನು ಒಟ್ಟಿಗೆ ತರುವವನು ‘ವಿಪ್ಪರ್-ಇನ್’. ಹದಿನೆಂಟನೆಯ ಶತಮಾನದಲ್ಲಿ ಈ ಮಾತು ಅಲ್ಲಿನ ಸಂಸತ್ತನ್ನು ಹೊಕ್ಕಿತು. ಈಗ ಸದಸ್ಯರನ್ನು ಒಗ್ಗೂಡಿಸುವ ಸಚೇತಕನೂ ವಿಪ್, ಆತ ಹೊರಡಿಸುವ ಆದೇಶವೂ ವಿಪ್. ಒಂದು ಗೆರೆಯ ವಿಪ್ ಮತದಾನದ ಸುದ್ದಿ ತಿಳಿಸುತ್ತದೆ, ಎರಡು ಗೆರೆಯದು ಹಾಜರಿರಲು ಹೇಳುತ್ತದೆ. ಮೂರು ಗೆರೆಯದಾದರೆ ಪಕ್ಷ ಹೇಳಿದಂತೆಯೇ ಮತ ಹಾಕಬೇಕು.

ಭಾರತದಲ್ಲಿ ಇದಕ್ಕೆ ನಿಜವಾದ ಬಿಗಿ ಬಂದದ್ದು 1985ರಲ್ಲಿ, 52ನೇ ತಿದ್ದುಪಡಿ ಸಂವಿಧಾನಕ್ಕೆ ಹತ್ತನೇ ಅನುಸೂಚಿಯನ್ನು ಸೇರಿಸಿದಾಗ. ಅಲ್ಲಿರುವುದು ಪಕ್ಷದ ‘ನಿರ್ದೇಶನ’ ಎಂಬ ಮಾತು, ವಿಪ್ ಎಂಬ ಪದವಲ್ಲ. ಮುಂಚಿತ ಅನುಮತಿಯಿಲ್ಲದೆ ಅದಕ್ಕೆ ವಿರುದ್ಧವಾಗಿ ಮತ ಹಾಕಿದರೆ ಅಥವಾ ಮತದಾನದಿಂದ ದೂರ ಉಳಿದರೆ, ಪಕ್ಷ 15 ದಿನಗಳೊಳಗೆ ಮನ್ನಿಸದಿದ್ದಲ್ಲಿ ಸದಸ್ಯತ್ವಕ್ಕೇ ಕುತ್ತು. ರಾಷ್ಟ್ರಪತಿ ಚುನಾವಣೆಗೆ ಇದು ಅನ್ವಯಿಸುವುದಿಲ್ಲ.

ಕಿಹೊಟೊ ಹೊಲ್ಲೊಹಾನ್ ಪ್ರಕರಣದಲ್ಲಿ, 1992ರಲ್ಲಿ, ಸುಪ್ರೀಂ ಕೋರ್ಟ್ ಈ ಅನುಸೂಚಿಯನ್ನು ಎತ್ತಿಹಿಡಿಯಿತು. ಆದರೆ ಅನರ್ಹತೆಯ ಬೆದರಿಕೆಯಿರುವ ನಿರ್ದೇಶನ ಸರ್ಕಾರದ ಅಳಿವು-ಉಳಿವಿನ ಮತದಾನಕ್ಕೆ, ಪಕ್ಷ ಜನರ ಮುಂದಿಟ್ಟ ಮೂಲ ನೀತಿಗೆ ಸೀಮಿತವಾಗಿರಲಿ ಎಂದೂ ಹೇಳಿತು. ಆ ಮಿತಿಯನ್ನು ಪಕ್ಷಗಳು ಪಾಲಿಸಿಲ್ಲ. ಸಾಮಾನ್ಯ ಮಸೂದೆಗಳಿಗೂ ವಿಪ್ ಹೊರಡುತ್ತದೆ. ಇದು ಸಣ್ಣ ಲೋಪವಲ್ಲ: ಕ್ಷೇತ್ರದ ಜನರ ಮಾತು ಸದನದಲ್ಲಿ ಕೇಳಿಸಬೇಕಾದ ಕಡೆಯೇ ಪ್ರತಿನಿಧಿಯ ಬಾಯಿ ಕಟ್ಟಿದಂತಾಗುತ್ತದೆ.

ಕರ್ನಾಟಕ ಇದರ ಇಕ್ಕಟ್ಟನ್ನು 2019ರ ಜುಲೈನಲ್ಲಿ ಕಂಡಿತು. ಭಿನ್ನಮತೀಯ 15 ಶಾಸಕರನ್ನು ಕಲಾಪಕ್ಕೆ ಬರುವಂತೆ ಬಲವಂತಪಡಿಸಕೂಡದು ಎಂದು ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ನೀಡಿದಾಗ, ಹಾಗಾದರೆ ವಿಪ್‌ನ ಗತಿಯೇನು ಎಂದು ಸಿದ್ದರಾಮಯ್ಯ ಸದನದಲ್ಲಿ ಕ್ರಿಯಾಲೋಪ ಎತ್ತಿದರು. ಕುಮಾರಸ್ವಾಮಿ ಸರ್ಕಾರ 99–105 ಮತಗಳಿಂದ ಬಿತ್ತು. ಸಭಾಧ್ಯಕ್ಷ ರಮೇಶ್ ಕುಮಾರ್ ಒಟ್ಟು 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರ್‌ನಲ್ಲಿ ಅನರ್ಹತೆಯನ್ನು ಒಪ್ಪಿದ ಕೋರ್ಟ್, ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ಭಾಗವನ್ನು ತೆಗೆದುಹಾಕಿತು.

ಸಚೇತಕನನ್ನು ನೇಮಿಸುವವರು ಯಾರು ಎಂಬ ತಕರಾರು ಮಹಾರಾಷ್ಟ್ರದ ಶಿವಸೇನೆ ಪ್ರಕರಣದಲ್ಲಿ ಎದ್ದಿತು. ಆ ಅಧಿಕಾರ ರಾಜಕೀಯ ಪಕ್ಷದ್ದು, ಶಾಸಕಾಂಗ ಪಕ್ಷದ್ದಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಪಿತ್ತಿತು.